ಅಕ್ಕೋರ ಖುರ್ಚಿ

ಓದುವವರಿಗೆ ಕೊನೆಯ ವರ್ಷದಲ್ಲಿ ಮೂರು ಬಾಗಿಲು ತೆರೆದಿಟ್ಟು, ನಿಮಗೆ ಬೇಕಾದದ್ದರೊಳಗೆ ಹೋಗಿರಿ ಎಂದು ಹೇಳುವ ಕಾಲೇಜಿನವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟಿದೆ. ನಾನು ಊರ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವನು. ನಮಗೆ ಮಾಸ್ತರು ಒಂದೇ ಬಾಗಿಲು ತೋರಿಸಿದ್ದರು, ಅದೂ ಹೊರಗೆ ಹೋಗುವ ಬಾಗಿಲು.

ನಾನು ಹೇಳುತ್ತಿರುವುದು ಪಾಸ್ಟರುಗಳನ್ನು ತಯಾರು ಮಾಡುವ ಕಾಲೇಜಿನ ಮಾತು. ಬೈಬಲ್ಲು, ಕ್ರೈಸ್ತ ಸಭೆಯ ಇತಿಹಾಸ, ಸುವಾರ್ತೆ ಸಾರುವ ಕ್ರಮ, ಎಲ್ಲ ಓದಿಸುತ್ತಾರೆ. ಕೊನೆಯ ವರ್ಷಕ್ಕೆ ಬಂದಾಗ ವಿದ್ಯಾರ್ಥಿ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಂದು, ಗ್ರಂಥಾಲಯದಲ್ಲಿ ಕುಳಿತು ದಪ್ಪನೆಯ ಪ್ರಬಂಧ ಬರೆಯುವುದು. ಎರಡು, ಪಟ್ಟಣದ ದವಾಖಾನೆಯೊಂದರಲ್ಲಿ ರೋಗಿಗಳ ಹತ್ತಿರ ಮಾತಾಡಿ ಪ್ರಾರ್ಥನೆ ಮಾಡುವುದು. ಮೂರು, ಹಳ್ಳಿಯ ಸಭೆಯೊಂದರಲ್ಲಿ ವರ್ಷವಿಡೀ ಇದ್ದು ಕೆಲಸ ಮಾಡುವುದು. ಬುದ್ಧಿ ಇದ್ದವರು ಮೊದಲನೆಯದನ್ನು ಆರಿಸಿಕೊಳ್ಳುತ್ತಾರೆ, ಮನೆ ಹತ್ತಿರ ಬೇಕೆನ್ನುವವರು ಎರಡನೆಯದನ್ನು. ಮೂರನೆಯದನ್ನು ಆರಿಸಿಕೊಳ್ಳುವವರು ಯಾರಾದರೂ ಸಿಕ್ಕರೆ ಅವರೇ ನಮಗೆ ಪಾಸ್ಟರು.

ನಮ್ಮದು ಮೂಡಲಗಿ ತಾಲೂಕಿನ ಒಂದು ಹಳ್ಳಿ. ಕೇರಿಯ ಅಂಚಿಗೆ ತಗಡಿನ ಮಾಡಿನ ಒಂದು ಪ್ರಾರ್ಥನಾ ಮಂದಿರವಿದೆ. ನಾನು ಗೌಂಡಿ. ಅದರ ಗೋಡೆ ಕಟ್ಟಿದವನು ನಾನೇ, ಅದರ ಹಿರಿಯನೂ ನಾನೇ. ಗೋಕಾಕದ ಪಾಸ್ಟರು ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ. ಉಳಿದ ದಿನಗಳಿಗೆ ಕೊನೆಯ ವರ್ಷದ ವಿದ್ಯಾರ್ಥಿಯೇ ಗತಿ. ಮೂರು ವರ್ಷ ಮೂವರು ಬಂದು ಹೋದರು. ಮೂವರೂ ಕಾಲೇಜಿಗೆ ಒಂದೇ ಮಾತು ಬರೆದುಕೊಟ್ಟಿದ್ದಾರೆ: ಈ ಸಭೆಯ ಜನ ಬಹಳ ಪ್ರೀತಿಯವರು, ಆದರೆ ಇಲ್ಲಿ ಕೆಲಸ ಮಾಡಲು ಅವಕಾಶವಿಲ್ಲ.

ಅವರು ಬರೆದದ್ದು ಸುಳ್ಳಲ್ಲ. ನಮ್ಮ ಜನ ಬಂದವರಿಗೆ ಕೋಳಿ ಕೊಯ್ಯುತ್ತಾರೆ, ಖುರ್ಚಿ ಹಾಕುತ್ತಾರೆ, ಕುಡಿದ ಚಹದ ಕಪ್ಪನ್ನು ಕೂಡ ಎತ್ತಿಡಲು ಬಿಡುವುದಿಲ್ಲ. ಒಬ್ಬ ಹುಡುಗ ನಮ್ಮಲ್ಲಿ ಒಂದು ವರ್ಷ ಇದ್ದು ಹೋಗುವಾಗ ಅವನ ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ.

ಈ ಸಲ ಫೆಬ್ರುವರಿಯಲ್ಲಿ ಕಾಲೇಜಿನಿಂದ ಕಿಶೋರ ಸರ್ ಫೋನು ಮಾಡಿದರು. ವಿದ್ಯಾರ್ಥಿಗಳ ಆಯ್ಕೆ ನೋಡಿಕೊಳ್ಳುವವರು ಅವರೇ.

"ಯಲ್ಲಾರಿಯವರ, ನಂದಿನಿ ಅಂತ ಒಬ್ಬಾಕಿ ಹುಡುಗಿ ಇದ್ದಾಳ. ಕಣಗಲಾದಾಕಿ. ಹಳ್ಳಿ ಸಭೆ ಅಂದರ ಆಕಿಗೆ ಮನಸ್ಸೈತಿ. ಆರಿಸಿಕೊಳ್ಳೂಕಿಂತ ಮೊದಲ ಒಂದು ವಾರ ನಿಮ್ಮಲ್ಲಿದ್ದು ನೋಡತೇನಿ ಅಂತಾಳ."

"ಕಳಸ್ರಿ," ಎಂದೆ.

"ಕಳಸ್ತೇನಿ. ಆದರ ಒಂದು ಮಾತು. ಈಕಿನೂ ಬ್ಯಾಡ ಅಂದರ ನಿಮ್ಮೂರ ಹೆಸರು ಪಟ್ಟಿಯಿಂದ ತಗೀತೀವಿ. ಕಲಿಯಾಕ ಏನೂ ಇಲ್ಲದ ಕಡೆ ನಾವು ಹುಡುಗರನ್ನ ಕಳಸೂದು ಹ್ಯಾಂಗ?"

ಪಟ್ಟಿಯಿಂದ ಹೆಸರು ಹೋದರೆ ಏನಾಗುತ್ತದೆಂದು ಗೋಕಾಕದವರು ಮೊದಲೇ ಹೇಳಿಬಿಟ್ಟಿದ್ದರು. ವಿದ್ಯಾರ್ಥಿ ಇಲ್ಲದಿದ್ದರೆ ನಮ್ಮ ಸಭೆಯನ್ನು ಅವರದರಲ್ಲಿ ಕೂಡಿಸಿ ಮಂದಿರಕ್ಕೆ ಕೀಲಿ ಹಾಕುವುದು. ಗೋಕಾಕಕ್ಕೆ ಬಸ್ಸು ಹತ್ತಿ ಹೋಗಿ ಪ್ರಾರ್ಥನೆ ಮಾಡಬಲ್ಲ ಮುದುಕರು ನಮ್ಮಲ್ಲಿ ಯಾರೂ ಇಲ್ಲ. ನನ್ನ ಅವ್ವ ಸತ್ತೆವ್ವನಿಗೆ ಮನೆಯಿಂದ ಮಂದಿರಕ್ಕೆ ಬರುವುದರಲ್ಲಿ ಎರಡು ಕಡೆ ಕೂಡ್ರಬೇಕು.

ನಂದಿನಿಯನ್ನು ಕರೆತರಲು ಮೋಟಾರ್ ಸೈಕಲ್ಲಿನ ಮೇಲೆ ಘಟಪ್ರಭಾ ಬಸ್ ನಿಲ್ದಾಣಕ್ಕೆ ಹೋದೆ. ಹುಕ್ಕೇರಿ ಬಸ್ಸಿನಿಂದ ಇಳಿದಳು. ಸಣ್ಣ ದೇಹ, ದೊಡ್ಡ ಚೀಲ. ಅವಳ ಅಪ್ಪ ಲಖನ ಎಂಬವನು ಹೆದ್ದಾರಿಯ ಮೇಲೆ ಟ್ರಕ್ ಓಡಿಸುತ್ತಾನಂತೆ. ನಮ್ಮಂಥದೇ ಮನೆ, ನಮ್ಮಂಥದೇ ಕೇರಿ. ಚೀಲ ಕೊಡು ಎಂದರೆ ಕೊಡಲಿಲ್ಲ. ಅಷ್ಟು ಕಂಡು ನನಗೆ ಆಸೆ ಹುಟ್ಟಿತು.

"ನಿಮ್ಮಲ್ಲಿ ಏನೇನು ಕೆಲಸ ಐತ್ರಿ ಕಾಕಾ?" ದಾರಿಯಲ್ಲಿ ಕೇಳಿದಳು.

"ಮಂದಿರ ಉಡುಗೂದು, ಜಡ್ಡಿನವರ ಮನಿಗಿ ಹೋಗೂದು, ಹುಡುಗರಿಗಿ ಆದಿತ್ಯವಾರ ಪಾಠ, ಗಂಡ ಹೆಂಡತಿ ಜಗಳ. ಜಗಳ ಭಾಳ ಅದಾವು."

"ಎಲ್ಲಾ ಮಾಡತೇನ್ರಿ."

"ನೀ ಮಾಡತಿ. ಅವರು ಮಾಡಗೊಡಬೇಕಲ್ಲ."

ಅವಳು ನಕ್ಕಳು. ನಾನು ನಗಲಿಲ್ಲ.

ಮಂದಿರದ ಮುಂದೆ ಗಾಡಿ ನಿಲ್ಲಿಸಿದಾಗ ಹೆಂಗಸರು ಸಾಲಾಗಿ ನಿಂತಿದ್ದರು. ಅಕ್ಕವ್ವ ತಂಬಿಗೆಯಲ್ಲಿ ನೀರು ಹಿಡಿದಿದ್ದಳು. ಅಕ್ಕವ್ವ ನನ್ನ ಸೋದರತ್ತೆಯ ಮಗಳು, ಮಂದಿರದ ಮಗ್ಗುಲ ಮನೆಯವಳು, ಮಾತಿಗೆ ನಿಂತರೆ ನನಗೂ ಭಾರಿ. ಚೀಲವನ್ನು ಯಾರು ಕಸಿದುಕೊಂಡರೋ ನನಗೆ ಕಾಣಲೇ ಇಲ್ಲ. ಹುಡುಗಿ ಕಾಲು ತೊಳೆದುಕೊಳ್ಳಲು ಬಗ್ಗಿದರೆ ಅಕ್ಕವ್ವ ತಾನೇ ಬಗ್ಗಿ ತೊಳೆದಳು. ಒಳಗೆ ಗೋಡೆಗೆ ತಾಗಿ ಒಂದು ಕೆಂಪು ಪ್ಲಾಸ್ಟಿಕ್ ಖುರ್ಚಿ ಹಾಕಿದ್ದರು. ಕೇರಿಯಲ್ಲಿ ನಮಗೆ ಸೇರಿದ ಖುರ್ಚಿ ಅದೊಂದೇ, ಬಂದ ದೇವರ ಸೇವಕರಿಗೆಂದು ತಂದಿಟ್ಟದ್ದು. ಉಳಿದವರೆಲ್ಲ ನೆಲಕ್ಕೆ.

"ಅಕ್ಕೋರ, ಕುಂದರ್ರಿ." ಕಲಿತ ಹೆಂಗಸಿಗೆ, ಸಾಲಿಯ ಮಾಸ್ತರತಿಗೆ ನಮ್ಮ ಕಡೆ ಅಕ್ಕೋರು ಎನ್ನುವುದು ರೂಢಿ.

ನಂದಿನಿ ಖುರ್ಚಿಯನ್ನು ಗೋಡೆಯಿಂದ ಈಚೆಗೆ ಎಳೆದುಕೊಂಡು ಜನರ ಹತ್ತಿರ ಕೂತಳು. ತುದಿಗೆ ಕೂತಳು. ಆ ದಿನ ಅದನ್ನು ನಾನು ಗಮನಿಸಲಿಲ್ಲ. ನನ್ನ ಕಣ್ಣೆಲ್ಲ ಅಕ್ಕವ್ವನ ಮನೆಯ ಒಲೆಯ ಕಡೆ ಇತ್ತು. ಕೋಳಿಯ ವಾಸನೆ ಬರುತ್ತಿತ್ತು, ನನ್ನ ಸಿಟ್ಟು ಅಲ್ಲಿಂದಲೇ ಶುರುವಾಯಿತು.

ಮರುದಿನ ಬೆಳಿಗ್ಗೆ ಹುಡುಗಿ ಎಲ್ಲರಿಗಿಂತ ಮೊದಲು ಎದ್ದು ಮಂದಿರದ ಅಂಗಳಕ್ಕೆ ಕಸಬರಿಗೆ ಹಚ್ಚಿದಳು. ಎರಡು ಸಲ ಹೊಡೆದಿರಬಹುದು, ಅಷ್ಟರಲ್ಲಿ ಅಕ್ಕವ್ವ ಓಡಿಬಂದು ಕಸಿದುಕೊಂಡಳು.

"ಬಿಡ್ರಿ, ನಾ ಹೊಡಿತೇನಿ," ಎಂದಳು ನಂದಿನಿ.

"ನಾವೇನು ಸತ್ತೇವೇನ್ರಿ ಅಕ್ಕೋರ?"

"ನೀವು ಬದುಕಿದ್ದರೂ ನನಗ ಕೈ ಅದಾವಲ್ರಿ."

"ಆ ಕೈ ಬೈಬಲ್ ಹಿಡಿಯಾಕ ಅದಾವು. ಒಳಗ ನಡೀರಿ, ಚಾ ಆಗೇತಿ."

ಅದಾದ ಮೇಲೆ ಜಡ್ಡಿನವರ ಮನೆ. ಭೀಮರಾಯ ಜ್ವರ ಬಂದು ಮಲಗಿದ್ದ. ಅಕ್ಕೋರು ಬರುತ್ತಾರೆಂದು ಯಾರೋ ಮುಂದಾಗಿ ಓಡಿ ಹೇಳಿದರು. ನಾವು ಹೋಗುವುದರೊಳಗೆ ಆ ಮನುಷ್ಯ ಹಾಸಿಗೆ ಸುತ್ತಿಟ್ಟು, ಹೊರಸನ್ನು ಅವಳಿಗೆ ಬಿಟ್ಟು, ತಲೆಗೆ ಪಟಕಾ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಮೈ ನಡುಗುತ್ತಿತ್ತು. ಮಲಗಿರಿ ಎಂದರೆ, ಅಕ್ಕೋರು ಬಂದಾಗ ಮಲಗುವುದು ಹ್ಯಾಗೆ ಎಂದ. ಅವಳು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದಾಗ ಅವನು ತಲೆಸುತ್ತಿ ನನ್ನ ಮೇಲೆ ಬಿದ್ದ. ಅವನನ್ನು ಎತ್ತಿ ಅದೇ ಹೊರಸಿನ ಮೇಲೆ ಹಾಕಿದೆ. ಅಷ್ಟರಲ್ಲಿ ಅವನ ಹೆಂಡತಿ ಅಕ್ಕೋರಿಗೆಂದು ಕೋಳಿತತ್ತಿ ಹುಡುಕಲು ಹೊರಗೆ ಹೋಗಿದ್ದಳು.

"ಲೇ ಭೀಮ್ಯಾ, ಜಡ್ಡು ನಿನಗೋ ಆಕಿಗೋ?" ಎಂದು ಬೈದೆ.

"ಬೈಬ್ಯಾಡೋ ಯಲ್ಲಾರಿ, ಅಕ್ಕೋರು ಕೇಳತಾರು," ಎಂದ ಅವನು ಮಲಗಿದಲ್ಲಿಂದಲೇ.

ಗಂಡ ಹೆಂಡಿರ ಜಗಳದ್ದೂ ಅದೇ ಹಣೆಬರಹ. ಮಲ್ಲೇಶ ಮತ್ತು ಅವನ ಹೆಂಡತಿ ದೀಪಾ ದೀಪಾವಳಿಯಿಂದ ಒಬ್ಬರ ಹತ್ತಿರ ಒಬ್ಬರು ಮಾತು ಬಿಟ್ಟಿದ್ದರು. ನಂದಿನಿಯನ್ನು ಕರೆದುಕೊಂಡು ಹೋದೆ. ಇಬ್ಬರೂ ಅಕ್ಕಪಕ್ಕ ಕುಳಿತು, ನಮ್ಮಲ್ಲಿ ಏನೂ ಇಲ್ಲರಿ ಅಕ್ಕೋರ, ಚಲೋ ಅದೇವ್ರಿ, ಎಂದು ಒಂದೇ ದನಿಯಲ್ಲಿ ಹೇಳಿದರು. ನಾವು ಅಂಗಳ ದಾಟುವುದರೊಳಗೆ ಒಳಗೆ ತಾಟು ಬಿದ್ದ ಸಪ್ಪಳ ಕೇಳಿತು.

ಗುರುವಾರ ಸಂಜೆ ನಂದಿನಿ ಮಂದಿರದ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದಳು. ನಾನು ಕೆಲಸ ಮುಗಿಸಿ ಬಂದಿದ್ದೆ, ಕೈಗೆ ಸಿಮೆಂಟು ಹಾಗೇ ಇತ್ತು.

"ಕಾಕಾ, ಸಿಟ್ಟಿಗೇಳಬ್ಯಾಡ್ರಿ. ನಾ ಪ್ರಬಂಧ ತಗೊಳ್ಳೂದ ಚಲೋ ಅನಸ್ತೈತಿ."

"ಯಾಕ?"

"ಇಲ್ಲಿ ನಾ ಏನೂ ಮಾಡಾಕತ್ತಿಲ್ಲ. ನಾಲ್ಕು ದಿನದಿಂದ ಉಣ್ಣಾಕತ್ತೇನಿ, ಅಷ್ಟ. ವರ್ಷಪೂರ್ತಿ ಹಿಂಗ ಕುಂತರ ನನಗ ಹುಚ್ಚ ಹಿಡಿತೈತ್ರಿ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲದ ಮಾತಿಗೆ ಬರುವ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು, ಯಾರ ಮೇಲೆ ಹಾಕಬೇಕೆಂದು ತಿಳಿಯುವುದಿಲ್ಲ.

"ಆದಿತ್ಯವಾರ ಕಿಶೋರ ಸರ್ ಬರತಾರ. ಅಲ್ಲಿ ತನಕ ತಡಿ," ಎಂದೆ.

ಶನಿವಾರ ಎಲ್ಲರನ್ನೂ ಮಂದಿರಕ್ಕೆ ಕರೆದೆ. ನಂದಿನಿ ಹುಡುಗರಿಗೆ ಹಾಡು ಹೇಳಿಕೊಡಲು ಹೋಗಿದ್ದಳು, ಅಂದರೆ ಹುಡುಗರ ಅವ್ವಂದಿರು ಅವಳಿಗೆ ಕಬ್ಬಿನ ಹಾಲು ಕುಡಿಸುತ್ತಿದ್ದರು. ನಾನು ಜನರಿಗೆ ಬಿಡಿಸಿ ಹೇಳಿದೆ. ಈ ಹುಡುಗಿ ನಮ್ಮೂರನ್ನು ಆರಿಸಿಕೊಳ್ಳದಿದ್ದರೆ ಮಂದಿರಕ್ಕೆ ಕೀಲಿ. ಅವಳು ಆರಿಸಿಕೊಳ್ಳಬೇಕಾದರೆ ಅವಳಿಗೆ ಕೆಲಸ ಬೇಕು. ನಾಳೆ ಸರ್ ಬಂದಾಗ ಅವಳು ಕೆಲಸ ಮಾಡುತ್ತಿರುವುದು ಅವರ ಕಣ್ಣಿಗೆ ಬೀಳಬೇಕು.

"ಆತು," ಎಂದಳು ಅಕ್ಕವ್ವ.

"ಆತು ಅಂದರ?"

"ಆತು ಅಂದರ ಆತು. ಕಸಬರಿಗಿ ಅವರ ಕೈಯಾಗ ಕೊಡತೇವಿ. ಬಾಯಿ ಮಾಡಬ್ಯಾಡ."

ಇಷ್ಟು ಬೇಗ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಾಗಿತ್ತು. ನನ್ನ ಅವ್ವ ಮೂಲೆಯಲ್ಲಿ ಕುಳಿತು ಎಲ್ಲ ಕೇಳಿದಳು.

ಭಾನುವಾರ ಬೆಳಿಗ್ಗೆ ಕಿಶೋರ ಸರ್ ಕಾರಿನಿಂದ ಇಳಿದಾಗ ನಂದಿನಿ ಅಂಗಳ ಗುಡಿಸುತ್ತಿದ್ದಳು. ನನಗೆ ಒಂದು ಕ್ಷಣ ಸಮಾಧಾನವಾಯಿತು. ಆಮೇಲೆ ನೆಲ ನೋಡಿದೆ. ಅಲ್ಲಿ ಒಂದು ಎಲೆ ಇರಲಿಲ್ಲ, ಒಂದು ಕಡ್ಡಿ ಇರಲಿಲ್ಲ. ನಮ್ಮ ಹೆಂಗಸರು ನಸುಕಿನಲ್ಲೇ ಎದ್ದು ಇಡೀ ಅಂಗಳ ಗುಡಿಸಿ, ನೀರು ಹೊಡೆದು, ಆಮೇಲೆ ಕಸಬರಿಗೆಯನ್ನು ಹುಡುಗಿಯ ಕೈಗೆ ಕೊಟ್ಟಿದ್ದರು. ಅದೂ ಹೊಸ ಕಸಬರಿಗೆ, ಹಿಡಿಗೆ ಕಟ್ಟಿದ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿರಲಿಲ್ಲ. ಹುಡುಗಿ ನಾಚಿಕೆಯಿಂದ ತಲೆ ಎತ್ತದೆ ಹಸಿ ನೆಲದ ಮೇಲೆ ಗೆರೆ ಎಳೆಯುತ್ತಿದ್ದಳು. ಹೆಂಗಸರು ಮದುವೆ ನೋಡುವವರ ಹಾಗೆ ಸುತ್ತ ನಿಂತಿದ್ದರು.

ಕಿಶೋರ ಸರ್ ನನ್ನ ಕಡೆ ನೋಡಿದರು.

"ಯಲ್ಲಾರಿಯವರ, ಇದೇನು?"

ನನ್ನ ತಲೆ ಕೆಟ್ಟಿತು. ಸರ್ ಇದ್ದಾರೆ, ಆದಿತ್ಯವಾರ ಇದೆ ಎನ್ನುವುದನ್ನು ಮರೆತು ಒದರಿದೆ. ಅಕ್ಕವ್ವನಿಗೆ ಬೈದೆ, ಭೀಮರಾಯನಿಗೆ ಬೈದೆ, ಮಲ್ಲೇಶನ ಮನೆಯ ತಾಟಿನ ಕಥೆಯನ್ನೂ ಎತ್ತಿದೆ.

"ನಿಮ್ಮ ಪ್ರೀತಿಗಿ ಬೆಂಕಿ ಬೀಳಲಿ. ನಾಕು ಕೋಳಿ ಕೊಯ್ದು ಈ ಮಂದಿರ ಮುಚ್ಚಸ್ತೀರಿ. ಒಂದು ಕಸಬರಿಗಿ, ಒಂದ ಒಂದು ಕಸಬರಿಗಿ ಆ ಹುಡುಗಿ ಕೈಯಾಗ ಕೊಟ್ಟರ ನಿಮ್ಮದೇನು ಹೋಗತಿತ್ತು?"

ಆಗ ನನ್ನ ಅವ್ವ ಬಾಗಿಲ ಹೊಸ್ತಿಲ ಮೇಲೆ ಕುಳಿತಲ್ಲಿಂದ ಕೈ ಎತ್ತಿ ರಸ್ತೆಯ ಆಚೆ ತೋರಿಸಿದಳು.

ರಸ್ತೆಯ ಆಚೆ ಲಕ್ಕಪ್ಪ ಗೌಡರ ಮನೆ. ದೊಡ್ಡ ಕಟ್ಟೆ. ಗೌಡರು ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ದಿನದಂತೆ ಕಟ್ಟೆಯ ಮೇಲೆ ಪೇಪರು ಹಿಡಿದು ಕುಳಿತಿದ್ದರು. ಈಗ ಪೇಪರು ತೊಡೆಯ ಮೇಲಿತ್ತು. ನಮ್ಮ ಕಡೆ ನೋಡುತ್ತಿದ್ದರು.

"ಅವರ ದನದ ಕೊಟಿಗಿ ನಾ ಉಡಿಗೇನಿ," ಎಂದಳು ಅವ್ವ. "ನನ್ನ ಅತ್ತಿ ಉಡಿಗ್ಯಾಳ. ಈ ಅಕ್ಕವ್ವ ಸಾಲಿ ಬಿಟ್ಟು ಉಡಿಗ್ಯಾಳ. ಗೌಡರು ಕೆಟ್ಟವರಂತ ನಾ ಹೇಳಂಗಿಲ್ಲ, ಹಬ್ಬಕ್ಕ ಹೋಳಿಗಿ ಕೊಟ್ಟಾರ. ಆದರ ಆ ಕಟ್ಟಿಮ್ಯಾಲಿಂದ ನೋಡಿದರ ನಮ್ಮವರು ಯಾವತ್ತೂ ಬಗ್ಗಿದ್ದ ಕಂಡಾರ. ಈಗ ನಮ್ಮಾಕಿ ಒಬ್ಬಾಕಿ ಹದಿನಾರ ಇಯತ್ತೆ ಕಲತು ಬಂದಾಳ. ಆಕಿ ಕೈಯಾಗ ಕಸಬರಿಗಿ ಕೊಟ್ಟು, ನೋಡ್ರಿ ಗೌಡ್ರ, ಇಷ್ಟು ಓದಿದರೂ ಇಷ್ಟ, ಅಂತ ತೋರಸಲೇನೋ ಯಲ್ಲಾರಿ? ನಮಗ ಒಬ್ಬಾಕಿ ಖುರ್ಚಿ ಮ್ಯಾಲ ಕುಂತಿದ್ದು ನೋಡಬೇಕು. ಅದು ನಮ್ಮ ಆಸೆ. ಅದಕ್ಕ ಮಂದಿರ ಮುಚ್ಚತಾರಂದರ ಮುಚ್ಚಲಿ."

ನಂದಿನಿ ಕಸಬರಿಗೆ ಹಿಡಿದು ಹಾಗೇ ನಿಂತಿದ್ದಳು.

"ಬಾ ಇಲ್ಲಿ," ಎಂದಳು ಅವ್ವ. ಆ ಇಡೀ ವಾರದಲ್ಲಿ ನನ್ನನ್ನು ಬಿಟ್ಟು ಬೇರೆಯವರು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಬಂದಾಗಿಂದ ನೋಡಾಕತ್ತೇನಿ. ಖುರ್ಚಿ ತುದಿಗಿ ಕುಂದರತಿ. ಯಾರೋ ಬಂದು ಎಬ್ಬಸ್ತಾರ ಅಂತ ಕುಂತಂಗ. ನಿನ್ನ ಯಾರು ಎಬ್ಬಸ್ತಾರವ್ವ ಇಲ್ಲಿ? ಹಿಂದ ಒರಗಿ ಕುಂದರಾಕ ಬರಂಗಿಲ್ಲ?"

ಹುಡುಗಿಯ ಮುಖ ಕೆಂಪಾಯಿತು.

ಕಿಶೋರ ಸರ್ ಗಂಟಲು ಸರಿಮಾಡಿಕೊಂಡರು. "ಅಜ್ಜಿ, ನಿಮ್ಮ ಭಾವನೆ ನನಗ ತಿಳೀತೈತಿ. ಆದರ ಸೇವಕ ಅಂದರ ಸೇವಾ ಮಾಡಾಂವ. ಕಾಲೇಜಿನವರು ಕೆಲಸಕ್ಕ ಮಾರ್ಕ್ಸ್ ಕೊಡಬೇಕು. ಖುರ್ಚಿ ಮ್ಯಾಲ ಕುಂತಿದ್ದಕ್ಕ ಹ್ಯಾಂಗ ಕೊಡೂದು?"

ಅವರು ಮೆತ್ತಗೇ ಹೇಳಿದರು. ಅದು ಸರಿಯಾದ ಮಾತೇ, ಸ್ವಲ್ಪ ಹೊತ್ತಿನ ಹಿಂದೆ ನಾನೂ ಅದನ್ನೇ ಒದರಿದ್ದೆ. ಅವರ ಬಾಯಿಂದ ಕೇಳಿದಾಗ ಮಾತ್ರ ಮೈಯೆಲ್ಲ ಉರಿಯಿತು.

"ನೀವು ಯಾರ ಮನಿ ಕೊಟಿಗಿ ಉಡಿಗೀರಿ ಸರ್?" ಎಂದೆ.

"ಯಲ್ಲಾರಿ," ಎಂದಳು ಅವ್ವ. "ಊಟಾ ಆಗೋತನಕರ ಸುಮ್ಮನಿರು."

ಸರ್ ಊಟ ಮಾಡಿದರು. ಕೋಳಿ ಎರಡು ಸಲ ಹಾಕಿಸಿಕೊಂಡರು. ಮಂಗಳವಾರದೊಳಗೆ ನಂದಿನಿ ತನ್ನ ಆಯ್ಕೆ ತಿಳಿಸಬೇಕು, ಅದು ಅವಳ ಹಕ್ಕು, ನಾನು ಒತ್ತಾಯ ಮಾಡುವವನಲ್ಲ ಎಂದು ಹೇಳಿ ಕಾರು ಹತ್ತಿದರು. ನನ್ನ ಕೈ ಕುಲುಕಿದರು. ಅದೂ ನನಗೆ ಸೇರಲಿಲ್ಲ.

ಮಧ್ಯಾಹ್ನ ನಂದಿನಿಯನ್ನು ಘಟಪ್ರಭಾಕ್ಕೆ ಬಿಡಲು ಹೊರಟೆ. ಹೆಂಗಸರು ಅವಳ ಚೀಲಕ್ಕೆ ಶೇಂಗಾ, ಬೆಲ್ಲ, ರೊಟ್ಟಿ ತುಂಬಿದ್ದರು, ಅದು ಬಂದಾಗಿನದಕ್ಕಿಂತ ಭಾರವಾಗಿತ್ತು. ದಾರಿಯುದ್ದ ನಾನು ಬಡಬಡಿಸುತ್ತಲೇ ಇದ್ದೆ. ಪ್ರಬಂಧ ತಗೋ, ತಪ್ಪು ನಿನ್ನದಲ್ಲ, ಈ ಜನ ಉದ್ಧಾರ ಆಗುವವರಲ್ಲ, ಮಂದಿರದಲ್ಲಿ ನಾಳೆಯಿಂದ ಗೌಡರು ಹೊಟ್ಟು ತುಂಬಲಿ. ಅವಳು ಹಿಂದೆ ಕುಳಿತು ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ.

ಹುಕ್ಕೇರಿ ಬಸ್ಸು ಇನ್ನೂ ಬಂದಿರಲಿಲ್ಲ. ನೆರಳಿಗೆ ನಿಂತೆವು.

"ಕಾಕಾ, ಒಂದು ಹೇಳತೇನಿ, ನಗಬಾರದು."

"ನನಗ ನಗೂ ಬರಂಗಿಲ್ಲ ಇವತ್ತ."

"ಆ ಖುರ್ಚಿ ಹಿಂದಿನ ಕಾಲು ಸೀಳೇತ್ರಿ. ಒರಗಿದರ ಕಟ್ ಅಂತಿತ್ತು. ಬೀಳತೇನಿ ಅಂತ ತುದಿಗಿ ಕುಂದರತಿದ್ದೆ."

ನಾನು ಅವಳ ಮುಖ ನೋಡಿದೆ. "ಮತ್ತ ಹೇಳಬಾರದೇನು?"

"ಹೇಳಿದರ ಆ ಕ್ಷಣಕ್ಕ ಹೊಸಾದು ತರತಿದ್ದರಿ. ಮತ್ತೊಂದು ಕೋಳಿನೂ ಕೊಯ್ತಿದ್ದರಿ." ಚೀಲದ ಹಿಡಿ ತಿರುವಿದಳು. "ಆದರ ಅಜ್ಜಿ ಹೇಳಿದ್ದು ಸುಳ್ಳಲ್ರಿ. ಕಾಲೇಜಿನ ಖುರ್ಚಿ ಗಟ್ಟಿ ಅದಾವು. ಅಲ್ಲೂ ನಾ ತುದಿಗೇ ಕುಂದರತೇನಿ. ಹಾಸ್ಟೆಲ್‌ನ್ಯಾಗ ಊಟಾ ಆದ ಕೂಡಲೇ ಎಲ್ಲಾರಕಿಂತ ಮೊದಲ ಎದ್ದು ಎಲ್ಲಾರ ತಾಟು ತೊಳಿತೇನಿ. ಯಾರೂ ಹೇಳಿರಂಗಿಲ್ಲ. ಸರ್ ಅದನ್ನ ನೋಡಿ, ನಂದಿನಿಗೆ ಸೇವಾಗುಣ ಐತಿ ಅಂತ ಎಲ್ಲಾರ ಮುಂದ ಹೊಗಳತಾರ. ನನಗ ಇವತ್ತಿನ ತನಕ ಅದು ಸೇವಾಗುಣ ಅಂತ ಅನಸಿತ್ತು."

ಬಸ್ಸು ಬಂತು. ಜನ ನುಗ್ಗಿದರು. ಅವಳು ಚೀಲ ಎತ್ತಿಕೊಂಡಳು.

"ಸರ್‌ಗೆ ನಿಮ್ಮೂರ ಹೆಸರು ಬರಿತೇನ್ರಿ. ಜೂನ್‌ಗೆ ಬರತೇನಿ."

"ಏನು ಕೆಲಸ ಅಂತ ಬರಿತಿ? ಸರ್ ಕೇಳತಾರ."

"ಅದು ಇನ್ನೂ ತಿಳಿದಿಲ್ಲ."

"ತಿಳಿದಿಲ್ಲ ಅಂದರ ಹ್ಯಾಂಗವ್ವ? ಮಾರ್ಕ್ಸ್ ಕಡಿಮಿ ಬಿದ್ದರ? ಮುಂದಿನ ವರ್ಷ ಮತ್ತ ನಮ್ಮ ಹೆಸರು ತಗದರ?"

"ಮುಂದಿನ ವರ್ಷದ್ದು ಮುಂದಿನ ವರ್ಷ. ಕಸಬರಿಗಿ ಮಾತ್ರ ನಾ ಕಸಗೋತೇನಿ, ಹೇಳಿ ಇಡ್ರಿ ಅವರಿಗಿ. ಸಂಜಿಮುಂದ ಖುರ್ಚಿ ಮ್ಯಾಲ ಕುಂದರತೇನಿ ಬೇಕಾದರ."

ಇಷ್ಟು ಹೇಳಿ ಬಸ್ಸಿನೊಳಗೆ ಹೋದಳು. ಸೀಟು ಸಿಗಲಿಲ್ಲ ಅವಳಿಗೆ, ನಿಂತೇ ಹೋದಳು. ಸಂತೋಷಪಡಬೇಕೋ ಬೈಯಬೇಕೋ ತಿಳಿಯದೆ ನಾನು ಅಲ್ಲೇ ಒಂದು ಚಹ ಕುಡಿದೆ. ಸಕ್ಕರೆ ಇರಲಿಲ್ಲ ಅದರಲ್ಲಿ. ಚಹದವನಿಗೆ ಬೈದೆ.

ಮನೆಗೆ ಬಂದವನೇ ಮಂದಿರಕ್ಕೆ ಹೋಗಿ ಖುರ್ಚಿ ತಿರುವಿ ಹಾಕಿದೆ. ಹಿಂದಿನ ಎಡಗಾಲು ಬುಡದಿಂದ ಅರ್ಧದವರೆಗೆ ಸೀಳಿತ್ತು. ಅಕ್ಕವ್ವನನ್ನು ಕರೆದು ತೋರಿಸಿದೆ.

"ಗೊತ್ತೈತಿ," ಎಂದಳು. "ಹ್ವಾದ ವರ್ಷದ ಹುಡುಗ ದಪ್ಪಾಗಿ ಸೀಳಿದ್ದು ಅದು. ಅದಕ್ಕ ಆ ಕಾಲು ಗ್ವಾಡಿಗಿ ಒತ್ತಿ ಇಡತೇವಿ. ಗ್ವಾಡಿಗಿ ಇದ್ದರ ಬೀಳಂಗಿಲ್ಲ. ಅಕ್ಕೋರ ದಿನಾ ಈಚೆ ಎಳಕೋತಿದ್ದರು, ನಾವೇನು ಮಾಡೂದು?"

"ಹೇಳೂದು. ಬಾಯಿ ಐತೆಲ್ಲ, ಹೇಳೂದು."

"ಮುರಕ ಖುರ್ಚಿ ಕೊಟ್ಟೇವಿ ಅಂತ ಹ್ಯಾಂಗ ಹೇಳೂದೋ ಮಾರಾಯ."

ನಂದಿನಿ ಜೂನ್‌ಗೆ ಬರುತ್ತಾಳೆ ಎಂದು ಹೇಳಿದೆ. ಅಕ್ಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ಆಮೇಲೆ ಯಾರ ಮನೆಯಲ್ಲಿ ಎಷ್ಟು ಕೋಳಿ ಇವೆ ಎಂದು ಎಣಿಸತೊಡಗಿದಳು. ನಾನು ಅಲ್ಲಿಂದ ಎದ್ದು ಬಂದೆ.

ಮನೆಯಲ್ಲಿ ಅವ್ವ ನುಚ್ಚು ಕೇರುತ್ತಿದ್ದಳು. ಅವಳಿಗೂ ಎಲ್ಲ ಹೇಳಿದೆ.

"ಮೂಡಲಗಿಯಿಂದ ಹೊಸಾ ಖುರ್ಚಿ ತಾ," ಎಂದಳು. "ಗಟ್ಟೀದು ನೋಡಿ ತಾ."

"ಎರಡು ತರತೇನಿ."

"ಎರಡು ಯಾಕ?"

"ಒಂದು ನಿನಗ. ಆಕಿ ಬಾಜೂಕ ನೀನೂ ಕುಂದರು."

ಅವ್ವ ಮೊರ ನಿಲ್ಲಿಸಿ ನನ್ನನ್ನು ದಡ್ಡನನ್ನು ನೋಡಿದ ಹಾಗೆ ನೋಡಿದಳು. "ಬಾಜೂಕ ಕುಂತರ ಆಕಿ ನನಗ ಹ್ಯಾಂಗ ಕಾಣಸ್ತಾಳ? ಎದುರಿಗಿ ನೆಲದ ಮ್ಯಾಲ ಕುಂತರ ಪೂರಾ ಕಾಣಸ್ತಾಳ."

ಇವರ ಹತ್ತಿರ ಮಾತಾಡಿ ಗೆದ್ದವರಿಲ್ಲ. ಹಟಕ್ಕೆ ಬಿದ್ದು ನಾನು ಎರಡು ಖುರ್ಚಿಯನ್ನೇ ತಂದೆ, ಮೋಟಾರ್ ಸೈಕಲ್ಲಿಗೆ ಹಗ್ಗ ಕಟ್ಟಿ, ಮೂಡಲಗಿಯಿಂದ ದಾರಿಯುದ್ದ ಗಾಳಿಗೆ ಹಾರಾಡಿಸುತ್ತ. ಒಂದನ್ನು ಪ್ಲಾಸ್ಟಿಕ್ ಸಮೇತ ಮಂದಿರದ ಮೂಲೆಯಲ್ಲಿ ಇಟ್ಟಿದ್ದಾರೆ, ಜೂನ್‌ವರೆಗೆ ಯಾರೂ ಮುಟ್ಟುವಂತಿಲ್ಲ. ಇನ್ನೊಂದರ ಮೇಲೆ ಅಕ್ಕವ್ವ ಮೆಣಸಿನಕಾಯಿ ಒಣಗಹಾಕಿದ್ದಾಳೆ.